ಕೃತಕ ಬುದ್ಧಿಮತ್ತೆಯ ಟ್ರೇಡ್‌ಮಾರ್ಕ್ ಶೋಧ ಸೇವೆ: ಮೂರು ತಿಂಗಳು ಬಳಸಿದ ಮೇಲೆ

ಟ್ರೇಡ್‌ಮಾರ್ಕ್ ಅರ್ಜಿಗಳನ್ನು ಸಿದ್ಧಪಡಿಸುವುದು ನನ್ನ ದಿನನಿತ್ಯದ ಕೆಲಸ. ಹೊಸ ಹೆಸರಿಗೆ ಅರ್ಜಿ ಹಾಕುವ ಮುನ್ನ ಅದನ್ನೇ ಹೋಲುವ ಗುರುತು ಬೇರೆಯವರ ಹೆಸರಿನಲ್ಲಿದೆಯೇ ಎಂದು ನೋಂದಣಿ ದಾಖಲೆಗಳಲ್ಲಿ ಹುಡುಕಲೇಬೇಕು. ಆ ಹುಡುಕಾಟವನ್ನು ಕೃತಕ ಬುದ್ಧಿಮತ್ತೆಯಿಂದ ಮಾಡಿಕೊಡುವ ಒಂದು ಚಂದಾ ಸೇವೆಯನ್ನು ಮೂರು ತಿಂಗಳಿಂದ ಬಳಸುತ್ತಿದ್ದೇನೆ. ಅದು ಹೆಸರು ಮತ್ತು ಲೋಗೋಗಳನ್ನು ಹುಡುಕಿಕೊಡುತ್ತದೆ, ಹೊಸ ಹೆಸರುಗಳನ್ನು ಸೂಚಿಸುತ್ತದೆ, ನೋಂದಣಿಯಾದ ಗುರುತನ್ನು ಯಾರಾದರೂ ಬಳಸುತ್ತಿದ್ದಾರೆಯೇ ಎಂದು ಕಾವಲು ಕಾಯುತ್ತದೆ. ಮೂರಕ್ಕೂ ಸೇರಿ ಒಂದೇ ಚಂದಾ, ಆದರೆ ಮೂರರ ಮೇಲೂ ಒಂದೇ ನಂಬಿಕೆ ಇಡುವಂತಿಲ್ಲ.

ಲೋಗೋ ಹುಡುಕಾಟದಿಂದ ನನಗೆ ನಿಜವಾದ ಪ್ರಯೋಜನವಾಗಿದೆ. ಚಿತ್ರರೂಪದ ಗುರುತುಗಳನ್ನು ಬಹುಕಾಲದಿಂದ 1973ರ ವಿಯೆನ್ನಾ ವರ್ಗೀಕರಣದ ಸಂಕೇತಗಳ ಮೂಲಕ ಹುಡುಕುತ್ತ ಬಂದಿದ್ದೇವೆ. ಹಕ್ಕಿಗೆ ಒಂದು ಸಂಕೇತ, ಪುಸ್ತಕಕ್ಕೆ ಇನ್ನೊಂದು. ರೆಕ್ಕೆಯ ಜಾಗದಲ್ಲಿ ಪುಸ್ತಕದ ಹಾಳೆಗಳಿದ್ದ ಹಕ್ಕಿಯ ಲೋಗೋ ಒಂದು ನನ್ನ ಬಳಿ ಬಂದಿತ್ತು. ಹಕ್ಕಿಯ ಸಂಕೇತದಡಿ ಇಡೀ ದಿನ ಹುಡುಕಿದಾಗ ಏನೂ ಸಿಗಲಿಲ್ಲ. ಅದೇ ಚಿತ್ರವನ್ನು ಈ ಸೇವೆಗೆ ಕೊಟ್ಟಾಗ, ಫಲಿತಾಂಶಗಳ ಮೊದಲ ಸಾಲಿನಲ್ಲೇ ಹೆಚ್ಚುಕಡಿಮೆ ಅಂಥದೇ ಹಕ್ಕಿ ಕಾಣಿಸಿತು. ದಾಖಲೆಯಲ್ಲಿ ಅದು ಪುಸ್ತಕದ ಸಂಕೇತದಡಿ ಮಾತ್ರ ಸೇರಿತ್ತು. ಆ ಒಂದು ಫಲಿತಾಂಶ ನನ್ನ ಕಕ್ಷಿದಾರರನ್ನು ದೊಡ್ಡ ವಿವಾದದಿಂದ ಉಳಿಸಿತೆಂದೇ ನಂಬಿದ್ದೇನೆ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯೂ ತನ್ನ ಜಾಗತಿಕ ಬ್ರ್ಯಾಂಡ್ ದತ್ತಾಂಶದಲ್ಲಿ 2019ರಿಂದ ಇಂಥ ಚಿತ್ರಶೋಧವನ್ನು ಉಚಿತವಾಗಿ ಒದಗಿಸುತ್ತಿದೆ ಎಂಬುದನ್ನು ಹಣ ಕೊಡುವ ಮುನ್ನ ಓದುಗರು ತಿಳಿದಿರಬೇಕು.

ಹೆಸರಿನ ಹುಡುಕಾಟದಲ್ಲಿ ಪ್ರತಿ ಫಲಿತಾಂಶದ ಪಕ್ಕ ನೂರಕ್ಕೆ ಇಷ್ಟು ಎಂದು ಅಪಾಯದ ಅಂಕವಿರುತ್ತದೆ. ನನ್ನ ಮುಖ್ಯ ತಕರಾರು ಇರುವುದು ಈ ಅಂಕದ ಬಗ್ಗೆ. ಉಲ್ಲಂಘನೆ ಎಂಬುದು ಅಕ್ಷರಗಳ ಹೋಲಿಕೆಯೊಂದರಿಂದಲೇ ತೀರ್ಮಾನವಾಗುವುದಿಲ್ಲ. ಎರಡೂ ಗುರುತುಗಳನ್ನು ಅಕ್ಕಪಕ್ಕ ಇಟ್ಟು ನೋಡದ, ಮೊದಲನೆಯದನ್ನು ಅರೆಬರೆ ನೆನಪಿಟ್ಟುಕೊಂಡ ಸಾಮಾನ್ಯ ಗ್ರಾಹಕ ಎರಡನೆಯದನ್ನು ಕಂಡಾಗ ಇದೂ ಅವರದೇ ಸರಕು ಎಂದು ತಪ್ಪು ತಿಳಿಯುವ ಸಂಭವವಿದೆಯೇ ಎಂಬುದು ನ್ಯಾಯಾಲಯ ಕೇಳುವ ಪ್ರಶ್ನೆ. ಅದಕ್ಕೆ ಉತ್ತರಿಸಲು ಸರಕು ಯಾವುದು, ಅದನ್ನು ಎಲ್ಲಿ ಮಾರುತ್ತಾರೆ, ಯಾರು ಕೊಳ್ಳುತ್ತಾರೆ ಎಂಬುದೆಲ್ಲ ತಿಳಿದಿರಬೇಕು. ಈ ಸೇವೆ ಅದಕ್ಕೆ ಬದಲಾಗಿ, ನೋಂದಣಿಗಾಗಿ ಸರಕು ಮತ್ತು ಸೇವೆಗಳನ್ನು ವಿಂಗಡಿಸುವ ನೈಸ್ ವರ್ಗೀಕರಣದ 45 ವರ್ಗಗಳನ್ನು ನೆಚ್ಚಿಕೊಂಡಿದೆ. ಒಂಬತ್ತನೆಯ ವರ್ಗದಲ್ಲಿ ಸಾಫ್ಟ್‌ವೇರ್, ಬೆಂಕಿ ನಂದಿಸುವ ಉಪಕರಣ ಎರಡೂ ಇವೆ, 2025ರ ಕೊನೆಯವರೆಗೆ ಕನ್ನಡಕವೂ ಅಲ್ಲೇ ಇತ್ತು. ಹಾಗಾಗಿ ಸಾಫ್ಟ್‌ವೇರ್ ಹೆಸರೊಂದಕ್ಕೆ ಕನ್ನಡಕದ ಹೆಸರಿನಿಂದ ಭಾರಿ ಅಪಾಯವಿದೆ ಎಂದು ಕೆಂಪು ಬಣ್ಣದಲ್ಲಿ ತೋರಿಸಿತು. ಬಟ್ಟೆ ಮತ್ತು ಪಾದರಕ್ಷೆಗಳು 25ನೆಯ ವರ್ಗದಲ್ಲಿಯೂ ಚರ್ಮದ ಚೀಲಗಳು 18ನೆಯ ವರ್ಗದಲ್ಲಿಯೂ ಇರುವುದರಿಂದ, ಒಂದೇ ಅಂಗಡಿಯಲ್ಲಿ ಒಬ್ಬರೇ ಗ್ರಾಹಕರು ಕೊಳ್ಳುವ ಈ ಸರಕುಗಳ ನಡುವಿನ ಹೋಲಿಕೆಗೆ ಹಸಿರು ಬಣ್ಣ ಕೊಟ್ಟಿತು. ಅನುಭವವಿದ್ದವರು ಇದನ್ನು ತಿದ್ದಿಕೊಂಡು ಓದಿಯಾರು. ಮೊದಲ ಬಾರಿ ವ್ಯಾಪಾರಕ್ಕಿಳಿದವರು ಅಂಕವನ್ನೇ ತೀರ್ಪೆಂದು ತಿಳಿದುಬಿಡುತ್ತಾರೆ.

ವರದಿಯ ಕೊನೆಗೆ ಬರುವ ‘ಲಭ್ಯವಿದೆ’ ಎಂಬ ಮಾತನ್ನೂ ಕಂಪನಿ ಕೈಬಿಡಬೇಕು. ನೋಂದಣಿಯಿಲ್ಲದೆ ಬಳಕೆಯಿಂದಲೇ ಹಕ್ಕು ಪಡೆದ ಹೆಸರುಗಳು ಈ ದತ್ತಾಂಶದಲ್ಲಿಲ್ಲ. 1883ರ ಪ್ಯಾರಿಸ್ ಒಪ್ಪಂದದ ಪ್ರಕಾರ ಒಂದು ದೇಶದಲ್ಲಿ ಅರ್ಜಿ ಹಾಕಿದವರು ಆರು ತಿಂಗಳೊಳಗೆ ಇನ್ನೊಂದು ದೇಶದಲ್ಲಿ ಅರ್ಜಿ ಹಾಕಿ ಮೊದಲ ದಿನಾಂಕದ ಆದ್ಯತೆಯನ್ನೇ ಕೇಳಬಹುದು. ಆದ್ದರಿಂದ ಇಂದು ನಮ್ಮ ದಾಖಲೆಯಲ್ಲಿ ಇಲ್ಲದ ಅರ್ಜಿ ನಾಳೆ ನಮಗಿಂತ ಹಿಂದಿನ ದಿನಾಂಕ ಹೊತ್ತು ಬರಬಹುದು.

ಹೆಸರು ಸೂಚಿಸುವ ಭಾಗವನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ. ಅದು ಕೊಟ್ಟ ಹತ್ತು ಹೆಸರುಗಳನ್ನು ಇದೇ ಸೇವೆಯ ಹುಡುಕಾಟಕ್ಕೆ ಹಾಕಿದಾಗ ನಾಲ್ಕು ಕೆಂಪಾದವು. ಉಳಿದವುಗಳಲ್ಲಿ ಹೆಚ್ಚಿನವು ಸರಕಿನ ಗುಣವನ್ನೇ ಹೇಳುವ ಪದಗಳಾಗಿದ್ದವು, ಅಂಥವಕ್ಕೆ ರಕ್ಷಣೆ ಸಿಗುವುದು ಕಷ್ಟ. ಇರುವುದನ್ನು ನೋಡಿ ಕಲಿತ ಯಂತ್ರ ಇರುವುದರ ಸಮೀಪಕ್ಕೇ ಮರಳುತ್ತದೆ. ಛಾಯಾಚಿತ್ರಗಳನ್ನು ಒದಗಿಸುವ ಗೆಟ್ಟಿ ಇಮೇಜಸ್ ಮತ್ತು ಚಿತ್ರ ಸೃಷ್ಟಿಸುವ ಯಂತ್ರವನ್ನು ರೂಪಿಸಿದ ಸ್ಟೆಬಿಲಿಟಿ ಎಐ ನಡುವಿನ ಮೊಕದ್ದಮೆ ನಡೆದದ್ದು ಚಿತ್ರಗಳ ವಿಷಯದಲ್ಲಾದರೂ ಇದನ್ನೇ ತೋರಿಸುತ್ತದೆ: ಆ ಯಂತ್ರದ ಹಳೆಯ ಆವೃತ್ತಿಗಳು ಸೃಷ್ಟಿಸಿದ ಕೆಲವು ಚಿತ್ರಗಳಲ್ಲಿ ಗೆಟ್ಟಿಯ ನೀರುಗುರುತು (ವಾಟರ್‌ಮಾರ್ಕ್) ಮೂಡಿಬಂದದ್ದನ್ನು ಇಂಗ್ಲೆಂಡಿನ ಹೈಕೋರ್ಟ್ 2025ರ ನವೆಂಬರಿನಲ್ಲಿ, ಬಹಳ ಸೀಮಿತ ಪ್ರಮಾಣದಲ್ಲಿ, ಟ್ರೇಡ್‌ಮಾರ್ಕ್ ಉಲ್ಲಂಘನೆ ಎಂದು ಪರಿಗಣಿಸಿತು. ಹೆಸರನ್ನು ಯಂತ್ರವೇ ಹುಟ್ಟಿಸಿದ್ದರೂ ಅದನ್ನು ಸರಕಿನ ಮೇಲೆ ಅಚ್ಚು ಹಾಕಿ ಮಾರಿದವರ ಮೇಲೆ ದಾವೆ ಬರುತ್ತದೆ, ಮತ್ತು ನಕಲು ಮಾಡುವ ಉದ್ದೇಶವಿರಲಿಲ್ಲ ಎಂಬ ಉತ್ತರ ಸಾಮಾನ್ಯವಾಗಿ ಅವರನ್ನು ಕಾಪಾಡುವುದಿಲ್ಲ.

ಕಾವಲಿನ ಭಾಗ ಚುರುಕಾಗಿದೆ. ಹೊಸ ಅರ್ಜಿಗಳ ಸುದ್ದಿ ಆಕ್ಷೇಪಣೆಯ ಗಡುವು ಮುಗಿಯುವ ಮುನ್ನವೇ ಕೈಸೇರುತ್ತದೆ. ಆದರೆ ಅದು ಹಿಡಿದುಕೊಟ್ಟ ‘ಉಲ್ಲಂಘನೆ’ಗಳಲ್ಲಿ ಒಂದು, ತನ್ನ ಬಿಡಿಭಾಗ ಇಂಥ ಯಂತ್ರಕ್ಕೆ ಹೊಂದುತ್ತದೆ ಎಂದು ಪ್ರಾಮಾಣಿಕವಾಗಿ ಬರೆದಿದ್ದ ಸಣ್ಣ ಮಾರಾಟಗಾರರ ಪುಟವಾಗಿತ್ತು. ಅವರಿಗೆ ಕಳಿಸಲು ನೋಟಿಸ್ ಸಿದ್ಧವಾಗಿ ನಿಂತಿತ್ತು, ಒಂದು ಗುಂಡಿ ಒತ್ತಿದರೆ ಸಾಕು. ಬ್ರಿಟನ್, ಆಸ್ಟ್ರೇಲಿಯಾ, ಭಾರತದಂಥ ದೇಶಗಳಲ್ಲಿ ಆಧಾರವಿಲ್ಲದೆ ಹೀಗೆ ಬೆದರಿಸಿದವರ ಮೇಲೆಯೇ ದಾವೆ ಹೂಡಲು ಅವಕಾಶವಿದೆ. ಕಾನೂನಿನ ಮಾತು ಹಾಗಿರಲಿ, ತಪ್ಪು ಮಾಡದವರಿಗೆ ಅಂಥ ಪತ್ರ ತಲುಪಿದಾಗ ಆಗುವ ಗಾಬರಿಯನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಇನ್ನೊಂದು ಎಚ್ಚರಿಕೆ. ಅರ್ಜಿ ಹಾಕದ ಹೆಸರನ್ನು ಇಂಥ ಸೇವೆಗೆ ಕೊಡುವ ಮುನ್ನ, ನಾವು ಬರೆದದ್ದನ್ನು ಯಂತ್ರದ ತರಬೇತಿಗೆ ಬಳಸುತ್ತಾರೆಯೇ ಎಂದು ಷರತ್ತುಗಳಲ್ಲಿ ಓದಬೇಕು. ಈ ಕಂಪನಿ ಬಳಸುವುದಿಲ್ಲ ಎಂದು ಲಿಖಿತವಾಗಿ ಉತ್ತರಿಸಿದೆ. ಲೋಗೋ ಹುಡುಕಾಟ ಮತ್ತು ಕಾವಲಿಗಾಗಿ ಚಂದಾ ನವೀಕರಿಸಿದ್ದೇನೆ, ನೋಟಿಸ್ ಕಳಿಸುವ ಸೌಲಭ್ಯವನ್ನು ಮುಚ್ಚಿಸಿದ್ದೇನೆ.