ಜಿಸಿಸಿಯ ಎಂಎಂಡಿ, ಎಂಪಿ ಫ್ಲ್ಯಾಗ್: ಹೆಡರ್ ಪಟ್ಟಿ ಕೈಯಲ್ಲಿ ಬರೆಯೋದು ಬಿಡಿ
ಸಿ ಪ್ರಾಜೆಕ್ಟ್‌ಗೆ ಮೇಕ್‌ಫೈಲನ್ನು ಕೈಯಲ್ಲೇ ಬರೆಯುವವರಿಗೆ ಈ ರಿವ್ಯೂ. ಮೇಕ್ ಅಂದರೆ ಬದಲಾದದ್ದನ್ನು ಮಾತ್ರ ಮತ್ತೆ ಕಂಪೈಲ್ ಮಾಡಿಸುವ ಟೂಲ್; ಎಂಎಂಡಿ, ಎಂಪಿ ಅಂದರೆ ಜಿಸಿಸಿ ಕಂಪೈಲರ್‌ಗೆ ಕೊಡುವ ಎರಡು ಫ್ಲ್ಯಾಗ್. ಬಿಲ್ಡ್ ರೂಲ್‌ಗಳನ್ನು ತಾನೇ ಬರೆದುಕೊಡುವ ಸಿಮೇಕ್ ಬಳಸುವವರು ಮುಂದೆ ಹೋಗಬಹುದು, ನಿಮಗೆ ಅದೇ ಎಲ್ಲಾ ನೋಡಿಕೊಳ್ಳುತ್ತದೆ.

ಯಾವ ಡಾಟ್ ಸಿ ಫೈಲು ಯಾವ ಹೆಡರ್ ಎಳೆದುಕೊಳ್ಳುತ್ತದೆ ಅಂತ ಮೇಕ್‌ಗೆ ಯಾರಾದರೂ ಹೇಳಲೇಬೇಕು. ಹೇಳದಿದ್ದರೆ ಏನಾಗುತ್ತದೆ? ಹೆಡರ್‌ನಲ್ಲಿರುವ ಸ್ಟ್ರಕ್ಟ್‌ಗೆ ಒಂದು ಫೀಲ್ಡ್ ಸೇರಿಸುತ್ತೀರಿ, ಅರ್ಧ ಆಬ್ಜೆಕ್ಟ್ ಫೈಲುಗಳು (ಕಂಪೈಲ್ ಆದ ತುಣುಕುಗಳು) ಹಳೇ ಅಳತೆಯಲ್ಲೇ ಉಳಿಯುತ್ತವೆ, ಅವನ್ನು ಜೋಡಿಸುವ ಲಿಂಕರ್ ತುಟಿ ಬಿಚ್ಚುವುದಿಲ್ಲ, ಪ್ರೋಗ್ರಾಂ ಮಾತ್ರ ಸಂಬಂಧವೇ ಇಲ್ಲದ ಜಾಗದಲ್ಲಿ ಬಿದ್ದು ಸಾಯುತ್ತದೆ. ಆಮೇಲೆ ಎಲ್ಲರೂ ಮಾಡೋದು ಒಂದೇ, ತಯಾರಾದದ್ದನ್ನೆಲ್ಲಾ ಅಳಿಸಿಹಾಕುವ ಮೇಕ್ ಕ್ಲೀನ್.

ಹಳೇ ಮದ್ದು ಎಕ್ಸ್ ವಿಂಡೋ ಸಿಸ್ಟಮ್ ಜೊತೆ ಬಂದ ಮೇಕ್‌ಡಿಪೆಂಡ್. ಅದು ಮೇಕ್‌ಫೈಲ್‌ನ ಕೊನೆಗೆ ‘ಡು ನಾಟ್ ಡಿಲೀಟ್’ ಅಂತ ಒಂದು ಗೆರೆ ಹಾಕಿ, ಅದರ ಕೆಳಗೆ ಪಟ್ಟಿ ಸುರಿಯುತ್ತದೆ. ಗಿಟ್‌ನಲ್ಲಿರುವ ಫೈಲನ್ನೇ ತಿದ್ದುವ ಟೂಲ್ ಯಾರಿಗೆ ಬೇಕು? ಅದೂ ಅಲ್ಲದೆ ಇಫ್‌ಡೆಫ್‌ಗಳನ್ನು (ಯಾವ ಕೋಡ್ ಸೇರಬೇಕು ಅನ್ನುವ ಷರತ್ತುಗಳನ್ನು) ತನ್ನದೇ ಲೆಕ್ಕದಲ್ಲಿ ಓದುತ್ತದೆ. ಕಂಪೈಲರ್ ನೋಡಿದ್ದು ಒಂದು, ಇದು ನೋಡಿದ್ದು ಇನ್ನೊಂದು ಆಗಬಹುದು. ಗ್ನೂ ಮೇಕ್ ಮ್ಯಾನ್ಯುಯಲ್‌ನಲ್ಲಿರುವ ಸೆಡ್ ರೂಲ್ ಇದಕ್ಕಿಂತ ವಾಸಿ, ಅದು ಕಂಪೈಲರ್ ಕೊಟ್ಟ ಪಟ್ಟಿಯನ್ನು ಸೆಡ್ ಅನ್ನುವ ಪಠ್ಯ ತಿದ್ದುವ ಟೂಲ್‌ನಿಂದ ಸರಿಪಡಿಸುತ್ತದೆ. ಆದರೆ ಪ್ರತಿ ಫೈಲನ್ನೂ ಎರಡೆರಡು ಸಲ ಪ್ರೀಪ್ರೊಸೆಸ್ ಮಾಡಬೇಕು. ಸುಮ್ನೆ ಮೇಕ್ ಕ್ಲೀನ್ ಕೊಟ್ಟರೂ ಮೊದಲು ಡಿಪೆಂಡೆನ್ಸಿ ಫೈಲುಗಳನ್ನೆಲ್ಲಾ ತಯಾರಿಸಿ, ಆಮೇಲೆ ಅವನ್ನೇ ಅಳಿಸುತ್ತಾ ಕೂರುತ್ತದೆ.

ಎಂಎಂಡಿ ಗೆಲ್ಲೋದು ಇಲ್ಲೇ. ಮೊದಲ ಬಿಲ್ಡ್‌ಗೆ ಪಟ್ಟಿಯೇ ಬೇಡ, ಆಬ್ಜೆಕ್ಟ್ ಫೈಲೇ ಇಲ್ಲದ ಮೇಲೆ ಹೇಗಿದ್ದರೂ ಕಂಪೈಲ್ ಆಗಲೇಬೇಕು ಅಲ್ವಾ? ಪಟ್ಟಿ ಬೇಕಾಗೋದು ಮುಂದಿನ ಸಲಕ್ಕೆ. ಹಾಗಾಗಿ ಈ ಫ್ಲ್ಯಾಗ್ ಕೊಟ್ಟರೆ ಕಂಪೈಲರ್ ತನ್ನ ಕೆಲಸ ಮಾಡುವಾಗಲೇ, ತಾನು ತೆರೆದ ಹೆಡರ್‌ಗಳನ್ನು ಪಕ್ಕದಲ್ಲಿ ಒಂದು ಡಾಟ್ ಡಿ ಫೈಲಿಗೆ ಬರೆದಿಡುತ್ತದೆ. ಎರಡನೇ ಓಟ ಇಲ್ಲ, ಸೆಡ್ ಇಲ್ಲ. ನೀವು ಮಾಡಬೇಕಾದ್ದು ಇಷ್ಟೇ: ಮೇಕ್‌ಫೈಲ್‌ನ ಸಿಪಿಪಿಫ್ಲ್ಯಾಗ್ಸ್ ವೇರಿಯಬಲ್‌ಗೆ ಎರಡೂ ಫ್ಲ್ಯಾಗ್ ಸೇರಿಸಿ, ಮೇಕ್‌ಫೈಲ್‌ನ ಕೊನೆಗೆ ಡಾಟ್ ಡಿ ಫೈಲುಗಳನ್ನು ಇನ್‌ಕ್ಲೂಡ್ ಮಾಡಿ. ಇನ್‌ಕ್ಲೂಡ್ ಮುಂದೆ ಮೈನಸ್ ಹಾಕಿ, ಇಲ್ಲದಿದ್ದರೆ ಮೊದಲ ಸಲ ಫೈಲು ಇಲ್ಲ ಅಂತ ರಂಪ ಮಾಡುತ್ತದೆ.

ಎಂಪಿ ಯಾಕೆ ಅಂತ ಕೆಲವರು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಒಂದು ಹೆಡರ್ ಅಳಿಸಿದಿರಿ ಅಥವಾ ಹೆಸರು ಬದಲಿಸಿದಿರಿ ಅಂದುಕೊಳ್ಳಿ. ಹಳೇ ಡಾಟ್ ಡಿ ಇನ್ನೂ ಅದನ್ನೇ ಕೇಳುತ್ತಿರುತ್ತದೆ, ‘ನೋ ರೂಲ್ ಟು ಮೇಕ್ ಟಾರ್ಗೆಟ್’ ಅಂತ ಬಿಲ್ಡ್ ನಿಂತುಬಿಡುತ್ತದೆ. ಎಂಪಿ ಪ್ರತಿ ಹೆಡರ್‌ಗೂ ಒಂದು ಖಾಲಿ ರೂಲ್ ಬರೆದಿಡುವುದರಿಂದ ಈ ರಗಳೆ ಇಲ್ಲ. ಕ್ಲ್ಯಾಂಗ್‌ನಲ್ಲೂ ಇವೇ ಫ್ಲ್ಯಾಗ್ ನಡೆಯುತ್ತವೆ.

ತಕರಾರುಗಳೂ ಇವೆ. ಎಂಎಂಡಿ ಸಿಸ್ಟಮ್ ಹೆಡರ್‌ಗಳನ್ನು ಬಿಡುತ್ತದೆ, ಅದೇನೋ ಸರಿ. ಆದರೆ ವಾರ್ನಿಂಗ್ ಕಾಟ ತಪ್ಪಲಿ ಅಂತ ಯಾವುದಾದರೂ ಲೈಬ್ರರಿಯನ್ನು ಐಸಿಸ್ಟಮ್ ಫ್ಲ್ಯಾಗ್ ಮೂಲಕ ಕೊಟ್ಟಿದ್ದರೆ, ಅದನ್ನೂ ಸಿಸ್ಟಮ್ ಅಂತಲೇ ಎಣಿಸಿ ಪಟ್ಟಿಯಿಂದ ಬಿಡುತ್ತದೆ. ಆ ಲೈಬ್ರರಿಯ ಹೆಡರ್ ಬದಲಾದರೂ ಏನೂ ರೀಬಿಲ್ಡ್ ಆಗಲ್ಲ. ಅಂಥ ಕಡೆ ಸಿಸ್ಟಮ್ ಹೆಡರ್‌ಗಳನ್ನೂ ಬರೆದಿಡುವ ಎಂಡಿ ಫ್ಲ್ಯಾಗ್ ಬಳಸಿ, ಪಟ್ಟಿ ಉದ್ದ ಆಗುತ್ತದೆ ಅಷ್ಟೇ. ಕಂಪೈಲರ್ ಫ್ಲ್ಯಾಗ್ ಬದಲಿಸಿದರೂ ಇದಕ್ಕೆ ತಿಳಿಯುವುದಿಲ್ಲ. ಲಿನಕ್ಸ್ ಕರ್ನಲ್‌ನವರಿಗೆ ಇಷ್ಟು ಸಾಲದೆ, ಈ ಪಟ್ಟಿಯನ್ನು ಫಿಕ್ಸ್‌ಡೆಪ್ ಅನ್ನುವ ಸಣ್ಣ ಪ್ರೋಗ್ರಾಂನಲ್ಲಿ ಹಾಯಿಸಿ, ಯಾವ ಕಾನ್ಫಿಗ್ ಆಪ್ಷನ್ ಬದಲಾದರೆ ಯಾವ ಫೈಲು ಕಂಪೈಲ್ ಆಗಬೇಕು ಅನ್ನೋ ಮಟ್ಟಕ್ಕೆ ಇಳಿಸಿಕೊಂಡಿದ್ದಾರೆ.

ಐದಕ್ಕೆ ನಾಲ್ಕೂವರೆ. ಅರ್ಧ ಕಡಿತ ಜನರೇಟ್ ಆಗುವ ಹೆಡರ್‌ಗಳಿಗಾಗಿ. ಪಾರ್ಸರ್ ಕೋಡ್ ತಯಾರಿಸುವ ಬೈಸನ್ ಟೂಲ್ ಬರೆಯುವಂಥ ಹೆಡರ್ ಇದ್ದರೆ, ಮೊದಲ ಬಿಲ್ಡ್‌ನಲ್ಲಿ ಅದು ಮುಂಚೆ ತಯಾರಾಗಬೇಕು ಅಂತ ಡಾಟ್ ಡಿಗೆ ಹೇಳಲು ಬರಲ್ಲ. ಅದಕ್ಕೊಂದು ಆರ್ಡರ್-ಓನ್ಲಿ ಡಿಪೆಂಡೆನ್ಸಿ (ಯಾವುದು ಮೊದಲು ಅಂತ ಮಾತ್ರ ಹೇಳುವ ಅವಲಂಬನೆ) ನೀವೇ ಬರೆಯಬೇಕು.