ಕೂಗದ ಮಾನಿಟರ್: ರೀಕಾಲ್ ಸುದ್ದಿಗೆ ಐದು ಬಾಗಿಲು ತಟ್ಟಿದೆ

ರಾತ್ರಿ ಎರಡೂವರೆಗೆ ಐಸಿಯು ಸಿಸ್ಟರ್ ಫೋನ್ ಮಾಡಿದರು. "ಸರ್, ಆರನೇ ಬೆಡ್ಡಿನ ಮಾನಿಟರ್ ಕೂಗ್ತಾ ಇಲ್ಲ." ಪರದೆಯಲ್ಲಿ ಸ್ಯಾಚುರೇಶನ್, ಅಂದರೆ ರಕ್ತದ ಆಮ್ಲಜನಕದ ಪ್ರಮಾಣ, 84 ಅಂತ ಕೆಂಪಗೆ ಮಿನುಗುತ್ತಿತ್ತು. ಅಲಾರಂ ಶಬ್ದ ಮಾತ್ರ ಇಲ್ಲ. ಪುಣ್ಯಕ್ಕೆ ಅದು ನಿಜವಾದ ಇಳಿತವಲ್ಲ, ರೋಗಿಯ ಬೆರಳಿನಿಂದ ಅದನ್ನು ಅಳೆಯುವ ಪ್ರೋಬ್ ಜಾರಿತ್ತು ಅಷ್ಟೇ. ಪಕ್ಕದ ಬೆಡ್ಡಿಗೆ ಇಂಜೆಕ್ಷನ್ ಕೊಡಲು ಬಂದಾಗ ಅವರ ಕಣ್ಣಿಗೆ ಬಿದ್ದಿತ್ತು.

ಬೆಳಿಗ್ಗೆ ಬಿಚ್ಚಿ ನೋಡಿದೆ. ಸ್ಪೀಕರ್ ಸತ್ತಿತ್ತು. ಹನ್ನೊಂದು ವರ್ಷದಿಂದ ಒಂದು ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆಯಲ್ಲಿ ಬಯೋಮೆಡಿಕಲ್ ಕೆಲಸ, ಅಂದರೆ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ, ಮಾಡುತ್ತಿದ್ದೇನೆ, ಸ್ಪೀಕರ್ ಸಾಯುವುದು ನನಗೆ ಹೊಸದಲ್ಲ. ತಲೆ ಕೊರೆದದ್ದು ಬೇರೆ. ಇದು ಈ ಒಂದು ಪೆಟ್ಟಿಗೆಯ ಕಥೆಯೋ, ಇಡೀ ಬ್ಯಾಚಿನ ಕಥೆಯೋ? ಅದೇ ಮಾಡೆಲ್ ಇನ್ನೂ ಏಳು ನಮ್ಮಲ್ಲಿವೆ. ಕಂಪನಿಗೆ ಮೊದಲೇ ಗೊತ್ತಿತ್ತಾ?

ಗೊತ್ತು ಮಾಡಿಕೊಳ್ಳಲು ಐದು ದಾರಿ ಹಿಡಿದೆ. ಪ್ರತಿಯೊಂದಕ್ಕೂ ಮೂರೇ ಪ್ರಶ್ನೆ. ಈ ಮಾಡೆಲ್‌ನಲ್ಲಿ ದೋಷ ಇದೆ ಅಂತ ಯಾರಾದರೂ ಹೇಳಿದ್ದಾರಾ? ಹೇಳಿದ್ದರೆ, ನನ್ನ ಮಾನಿಟರ್ ಆ ಪಟ್ಟಿಯಲ್ಲಿ ಇದೆಯಾ? ಇದ್ದರೆ, ಇವತ್ತು ರಾತ್ರಿ ಡ್ಯೂಟಿ ಸಿಸ್ಟರ್‌ಗೆ ನಾನು ಏನು ಹೇಳಲಿ?

ಮೊದಲು ಒಂದು ಮಾತು. ದೋಷ ಕಂಡ ಮಾಲಿನ ಬಗ್ಗೆ ಕಂಪನಿ ಕೈಗೊಳ್ಳುವ ಕ್ರಮಕ್ಕೆ ರೀಕಾಲ್ ಅನ್ನುತ್ತಾರೆ. ರೀಕಾಲ್ ಅಂದ ಕೂಡಲೇ ಕಂಪನಿಯ ಗಾಡಿ ಬಂದು ಮಾನಿಟರುಗಳನ್ನೆಲ್ಲ ಹೊತ್ತುಕೊಂಡು ಹೋಗುತ್ತದೆ ಅಂತ ನಮ್ಮ ಅಡ್ಮಿನ್ ಆಫೀಸಿನವರು ತಿಳಿದಿದ್ದರು. ಹಾಗೇನಿಲ್ಲ. ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ. ಅದರ ಲೆಕ್ಕದಲ್ಲಿ ಸ್ಥಳದಲ್ಲೇ ಮಾಡುವ ರಿಪೇರಿಯೂ ರೀಕಾಲೇ. ಸಾಫ್ಟ್‌ವೇರ್ ಬದಲಾವಣೆ, ಹೊಸ ಸ್ಟಿಕ್ಕರ್, ಎಚ್ಚರಿಕೆಯ ಒಂದು ಪತ್ರ ಕೂಡ ಅದರಲ್ಲಿ ಬರಬಹುದು. ಅವರಲ್ಲಿ ಮೂರು ದರ್ಜೆ. ಒಂದನೇ ದರ್ಜೆ ಅಂದರೆ ಗಂಭೀರ ಹಾನಿ ಅಥವಾ ಸಾವಿನ ಸಾಧ್ಯತೆ ನಿಜಕ್ಕೂ ಇದೆ. ಎರಡನೆಯದು, ಆಗುವ ತೊಂದರೆ ತಾತ್ಕಾಲಿಕ, ಇಲ್ಲವೇ ಗಂಭೀರ ಹಾನಿಯ ಸಾಧ್ಯತೆ ತೀರಾ ಕಡಿಮೆ. ಮೂರನೆಯದು, ತೊಂದರೆ ಆಗುವ ಹಾಗೆ ಕಾಣುವುದಿಲ್ಲ.

ಎಲ್ಲರ ಹಾಗೆ ನಾನೂ ಮೊದಲು ಡೀಲರ್‌ಗೆ ಫೋನ್ ಮಾಡಿದೆ. "ಅಂಥದ್ದೇನೂ ಇಲ್ಲ ಸರ್, ಎಎಂಸಿ ರಿನ್ಯೂ ಮಾಡಿಸಿಬಿಡಿ" ಅಂದರು. ಎಎಂಸಿ ಅಂದರೆ ವರ್ಷದ ನಿರ್ವಹಣಾ ಒಪ್ಪಂದ. ಮೇಲ್ ಕಳಿಸಿದೆ. ಉತ್ತರದ ಬದಲು ಸ್ಪೀಕರಿನ ಕೊಟೇಶನ್ ಬಂತು. ಅವರದೇ ತಪ್ಪು ಅಂತ ಪೂರ್ತಿ ಹೇಳಲಾರೆ. ಕಂಪನಿಯ ಪತ್ರ ಖರೀದಿ ವೇಳೆ ಕೊಟ್ಟ ವಿಳಾಸಕ್ಕೆ, ಆಗಿನ ಮ್ಯಾನೇಜರ್ ಹೆಸರಿಗೆ ಬರುತ್ತದೆ. ನಮ್ಮಲ್ಲಿ ಆಮೇಲೆ ಮೂವರು ಮ್ಯಾನೇಜರ್ ಬದಲಾಗಿದ್ದಾರೆ. ಆ ಎಂಟು ಮಾನಿಟರುಗಳಲ್ಲಿ ಎರಡನ್ನು ಮುಚ್ಚಿಹೋದ ಒಂದು ನರ್ಸಿಂಗ್ ಹೋಮಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಅವು ನಮ್ಮಲ್ಲಿವೆ ಅಂತ ಕಂಪನಿಗೆ ಗೊತ್ತೇ ಇಲ್ಲ. ಹಾಗಿದ್ದೂ ಒಂದು ಮಾತು ಒಪ್ಪಬೇಕು. ಪತ್ರ ಸರಿಯಾದ ಕೈಗೆ ಬಂದರೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ನಿಮ್ಮ ಸೀರಿಯಲ್ ನಂಬರೇ ಅದರಲ್ಲಿರುತ್ತದೆ, ಹುಡುಕುವ ಕೆಲಸವೇ ಇಲ್ಲ. ಬಂದರೆ.

ಎರಡನೆಯದು ನಮ್ಮ ಬಯೋಮೆಡಿಕಲ್ ಎಂಜಿನಿಯರುಗಳ ವಾಟ್ಸ್‌ಆ್ಯಪ್ ಗುಂಪು. ನಾಲ್ಕು ನಿಮಿಷಕ್ಕೆ ಉತ್ತರ. ಒಬ್ಬರು "ನಮ್ಮಲ್ಲೂ ಹಂಗೇ ಆಗಿತ್ತು" ಅಂದರು, ಇನ್ನೊಬ್ಬರು ಯಾವುದೋ ಎಚ್ಚರಿಕೆಯ ಸ್ಕ್ರೀನ್‌ಶಾಟ್ ಹಾಕಿದರು. ತಾರೀಖಿನ ಭಾಗ ಕತ್ತರಿಸಿಹೋಗಿತ್ತು. ಹುಡುಕಿದರೆ ಅದು 2020ರ ಜನವರಿಯದ್ದು, ಜಿಇ ಹೆಲ್ತ್‌ಕೇರ್‌ನ ಕೆಲವು ಸೆಂಟ್ರಲ್ ಸ್ಟೇಷನ್ ಮತ್ತು ಟೆಲಿಮೆಟ್ರಿ ಸರ್ವರುಗಳ ಬಗ್ಗೆ, ಅಂದರೆ ಹಲವು ರೋಗಿಗಳ ಅಂಕಿಗಳನ್ನು ದೂರದಿಂದ ಒಂದೇ ಕಡೆ ನೋಡುವ ವ್ಯವಸ್ಥೆಗಳ ಬಗ್ಗೆ. ನೆಟ್‌ವರ್ಕಿನೊಳಗೆ ನುಗ್ಗಿದವರು ದೂರದಿಂದಲೇ ಅಲಾರಂ ಬಾಯಿ ಮುಚ್ಚಿಸಬಹುದು ಅಂತ ಎಫ್‌ಡಿಎ ಆಗ ಎಚ್ಚರಿಸಿತ್ತು. ನಿಜವಾದ ಸುದ್ದಿಯೇ, ಆದರೆ ನಮ್ಮ ಸತ್ತ ಸ್ಪೀಕರಿಗೂ ಅದಕ್ಕೂ ಅಲಾರಂ ಅನ್ನುವ ಶಬ್ದ ಬಿಟ್ಟರೆ ಸಂಬಂಧವಿಲ್ಲ. ಗುಂಪಿನಲ್ಲಿ ಅಷ್ಟರಲ್ಲಿ ಇಬ್ಬರು ಲ್ಯಾನ್ ಕೇಬಲ್ ಕಿತ್ತು ಬಂದಿದ್ದರು.

ಮೂರನೆಯ ದಾರಿಯಲ್ಲಿ ನಾನು ಜಾಸ್ತಿ ಹೊತ್ತು ಕಳೆದೆ. ಎಫ್‌ಡಿಎಯ ರೀಕಾಲ್ ಡೇಟಾಬೇಸ್. 2002ರ ನವೆಂಬರ್‌ನಿಂದ ಈಚಿನ ರೀಕಾಲುಗಳು ಇದರಲ್ಲಿವೆ. ದುಡ್ಡು ಬೇಡ, ಲಾಗಿನ್ ಬೇಡ. ಮೊದಲ ದಿನ 'ಮಾನಿಟರ್' ಅಂತ ಹುಡುಕಿ ಒದ್ದಾಡಿದೆ. ರಕ್ತದ ಸಕ್ಕರೆ ನೋಡುವ ಯಂತ್ರದಿಂದ ಹಿಡಿದು ಎಲ್ಲವೂ ಬಂದು ಬಿತ್ತು. ಆಮೇಲೆ ತಂತ್ರ ಸಿಕ್ಕಿತು. ಪ್ರತಿ ಬಗೆಯ ಸಾಧನಕ್ಕೂ ಅಲ್ಲಿ ಮೂರಕ್ಷರದ ಕೋಡ್ ಇದೆ. ಅಲಾರಂ ಇರುವ ಬೆಡ್‌ಸೈಡ್ ಮಾನಿಟರಿಗೆ ಎಂಎಚ್‌ಎಕ್ಸ್. ಆಕ್ಸಿಮೀಟರಿಗೆ ಡಿಕ್ಯೂಎ. ಮಾನಿಟರುಗಳನ್ನು ಜೋಡಿಸುವ ನೆಟ್‌ವರ್ಕ್ ವ್ಯವಸ್ಥೆಗೆ ಎಂಎಸ್‌ಎಕ್ಸ್. ಕೋಡ್ ಹಾಕಿ, ಎರಡು ವರ್ಷದ ಅವಧಿ ಕೊಟ್ಟು ಹುಡುಕಿದರೆ ಓದಬಲ್ಲಷ್ಟು ಪಟ್ಟಿ ಬರುತ್ತದೆ.

ನಮ್ಮ ಮಾಡೆಲ್ ಅಲ್ಲಿತ್ತು. ಸ್ಪೀಕರ್ ದೋಷ, ಎರಡನೇ ದರ್ಜೆ. ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಈ ಪುಟದಲ್ಲಿ ಎರಡು ಜಾಗವನ್ನು ತಪ್ಪದೆ ಓದಬೇಕು. ಒಂದು, ಸೀರಿಯಲ್ ಅಥವಾ ಲಾಟ್ (ಬ್ಯಾಚ್) ನಂಬರಿನ ಜಾಗ. ಇನ್ನೊಂದು, ಮಾಲು ಯಾವ ಯಾವ ದೇಶಕ್ಕೆ ಹೋಗಿದೆ ಅನ್ನುವ ಜಾಗ. ಜಾಂಬಿಯಾ, ಜಪಾನ್ ಎಲ್ಲ ದಾಟಿಕೊಂಡು ಕಣ್ಣಾಡಿಸಿದರೆ ಇಂಡಿಯಾ ಸಿಕ್ಕಿತು. "ಅಮೆರಿಕದ ರೀಕಾಲ್ ನಮಗ್ಯಾಕೆ ಸರ್" ಅಂದಿದ್ದ ಡೀಲರ್‌ಗೆ ಅದೇ ಸಾಲನ್ನು ಫೋಟೋ ತೆಗೆದು ಕಳಿಸಿದೆ. ಆಮೇಲೆ ಅವರ ದನಿ ಬದಲಾಯಿತು.

ಕೊರತೆಗಳೂ ಇವೆ. ಅಪಾಯ ತಪ್ಪಿಸಲು ಕಂಪನಿ ಕ್ರಮ ಶುರು ಮಾಡಿದರೆ 10 ಕೆಲಸದ ದಿನಗಳೊಳಗೆ ಎಫ್‌ಡಿಎಗೆ ವರದಿ ಕೊಡಬೇಕು. ಅದಕ್ಕೆ ದರ್ಜೆ ಹಾಕಿ ಪುಟ ಮಾಡುವ ಹೊತ್ತಿಗೆ ಇನ್ನೂ ದಿನ ಹಿಡಿಯುತ್ತದೆ. ನಮ್ಮ ಮಾಡೆಲ್‌ನ ಪುಟದಲ್ಲಿ ಕಂಪನಿ ಶುರು ಮಾಡಿದ ತಾರೀಖಿಗೂ ಪುಟ ಬಂದ ತಾರೀಖಿಗೂ ಎರಡು ತಿಂಗಳ ಮೇಲೆ ಅಂತರ. ಎಲ್ಲ ಎಚ್ಚರಿಕೆಯೂ ರೀಕಾಲ್ ಆಗಿಯೇ ಬರುವುದೂ ಇಲ್ಲ. ಇದನ್ನು ನೋಡಲು ನಮ್ಮಲ್ಲಿ ಇಲ್ಲದ ಒಂದು ಮಾಡೆಲ್ ಇಟ್ಟುಕೊಂಡು ಪರೀಕ್ಷೆ ಮಾಡಿದೆ: ಚೀನಾದ ಕಾಂಟೆಕ್ ಕಂಪನಿಯ ಸಿಎಂಎಸ್8000. 2025ರ ಜನವರಿ 30ರಂದು ಅಮೆರಿಕದವರು ಇದರ ಬಗ್ಗೆ ಎಚ್ಚರಿಕೆ ಕೊಟ್ಟರು. ಒಳಗಿನ ಸಾಫ್ಟ್‌ವೇರಿನಲ್ಲೇ ಬರೆದಿಟ್ಟ ಒಂದು ಹೊರಗಿನ ಐಪಿ ವಿಳಾಸವಿತ್ತು. ನೆಟ್‌ಗೆ ಜೋಡಿಸಿದರೆ ರೋಗಿಯ ವಿವರ ಅಲ್ಲಿಗೆ ಹೋಗುವ ಸಾಧ್ಯತೆ ಇತ್ತು. ಹಿಂಬಾಗಿಲು, ಅಂದರೆ ಹೊರಗಿನವರು ಕದ್ದು ಒಳಗೆ ಬರುವ ದಾರಿ, ಅಂತ ಸರ್ಕಾರಿ ತಜ್ಞರು ಕರೆದರು. ಕ್ಲಾರೋಟಿ ಅನ್ನುವ ಭದ್ರತಾ ಸಂಸ್ಥೆ ಮಾತ್ರ, ಇದು ಬೇಕೆಂದೇ ಇಟ್ಟ ಬಾಗಿಲಿಗಿಂತ ಕೆಟ್ಟ ವಿನ್ಯಾಸದ ಹಾಗೆ ಕಾಣುತ್ತದೆ ಅಂದಿತು. ನನ್ನ ಪರೀಕ್ಷೆಗೆ ಮುಖ್ಯವಾದದ್ದು ಇದು: ಆ ಎಚ್ಚರಿಕೆ ಮೊದಲು ಬಂದದ್ದು ಸುರಕ್ಷತಾ ಸೂಚನೆಯಾಗಿ, ಬೇರೆಯೇ ಪುಟದಲ್ಲಿ. ರೀಕಾಲ್ ಪಟ್ಟಿ ಮಾತ್ರ ನೋಡುತ್ತಾ ಕೂತವನಿಗೆ ಆ ದಿನ ಅದು ಕಾಣುತ್ತಿರಲಿಲ್ಲ.

ಇನ್ನೊಂದು ಕೊಕ್ಕೆ ಹೆಸರಿನದು. ಅದೇ ಮಾನಿಟರ್ ಎಪ್ಸಿಮೆಡ್ ಎಂಎನ್-120 ಅನ್ನುವ ಹೆಸರಲ್ಲೂ ಮಾರಾಟವಾಗುತ್ತಿತ್ತು. ಒಂದೇ ಯಂತ್ರ, ಮುಖದ ಮೇಲೆ ಬೇರೆ ಸ್ಟಿಕ್ಕರ್. ನಮ್ಮಲ್ಲೂ ಇಂಥ ಮರುನಾಮಕರಣದ ಮಾನಿಟರುಗಳಿಗೆ ಬರವೇನಿಲ್ಲ. ಮುಂದಿನ ಹೆಸರು ನೋಡಿ ಹುಡುಕಿ ಏನೂ ಸಿಗಲಿಲ್ಲ ಅಂತ ನಿಟ್ಟುಸಿರು ಬಿಡಬೇಡಿ, ಹಿಂದಿನ ಲೇಬಲ್‌ನಲ್ಲಿ ತಯಾರಕರು ಯಾರು ಅಂತ ಓದಿ. ಕಾಂಟೆಕ್ ಬಗೆಗಿನ ಆ ಸೂಚನೆಯಲ್ಲಿ ನನಗೆ ಹಿಡಿಸಿದ್ದು ಮೂರನೇ ಪ್ರಶ್ನೆಗೆ ಸಿಕ್ಕ ನೇರ ಉತ್ತರ. ದೂರದಿಂದ ನೋಡುವ ಸೌಲಭ್ಯ ಬೇಕೇ ಬೇಕಾದರೆ ಈ ಮಾನಿಟರ್ ಬಳಸಬೇಡಿ. ಬೇಡವಾದರೆ ಲ್ಯಾನ್ ಕೇಬಲ್ ತೆಗೆದು, ವೈಫೈ ಆಫ್ ಮಾಡಿ, ಬೆಡ್ಡಿನ ಪಕ್ಕದಲ್ಲಿ ಮಾತ್ರ ಬಳಸಿ. ವೈಫೈ ಆಫ್ ಆಗದಿದ್ದರೆ ಬಳಸಬೇಡಿ. ಇಷ್ಟನ್ನು ಯಾವ ಸಿಸ್ಟರ್‌ಗಾದರೂ ಫೋನಿನಲ್ಲೇ ಹೇಳಬಹುದು.

ಮಾನಿಟರ್ ಬಿಟ್ಟು ಪ್ರೋಬ್ ಕಡೆಗೂ ನೋಡಬೇಕು ಅನ್ನುವುದು ನನಗೆ ಹೊಳೆದದ್ದು ಇದೇ ಹುಡುಕಾಟದಲ್ಲಿ. 2023ರಲ್ಲಿ ಜಿಇ ಹೆಲ್ತ್‌ಕೇರ್‌ನ ಟ್ರೂಸಿಗ್ನಲ್ ಸ್ಯಾಚುರೇಶನ್ ಸೆನ್ಸರುಗಳಿಗೆ ಒಂದನೇ ದರ್ಜೆಯ ರೀಕಾಲ್ ಬಂತು. ಶಾಕ್ ಕೊಡುವಾಗ ಹೃದಯಕ್ಕೆ ಹೋಗುವ ಶಕ್ತಿ ಕಡಿಮೆಯಾಗಬಹುದು, ರೋಗಿಗೆ ಬೇಡದ ವೋಲ್ಟೇಜ್ ತಾಗಬಹುದು, ಅಂಕಿ ತಪ್ಪಾಗಬಹುದು. ಮೂರೂ ದೋಷ ಬೆರಳಿಗೆ ಹಾಕುವ ಆ ಸಣ್ಣ ವಸ್ತುವಿನಲ್ಲಿ. ನಮ್ಮ ಸ್ಟಾಕ್ ಬುಕ್ಕಿನಲ್ಲಿ ಪ್ರೋಬ್ ಅಂದರೆ 'ಅಡಲ್ಟ್, 10 ನಂಬರ್' ಅಷ್ಟೇ. ಯಾವ ಲಾಟ್, ಯಾವ ಕಂಪನಿ, ದೇವರಿಗೇ ಗೊತ್ತು.

ನಾಲ್ಕನೆಯದು ಬ್ರಿಟನ್ನಿನ ದಾರಿ. ಅಲ್ಲಿ ಎಫ್‌ಡಿಎಯಂಥ ಕೆಲಸ ಮಾಡುವ ಎಂಎಚ್‌ಆರ್‌ಎ ಸಂಸ್ಥೆ ವಾರಕ್ಕೊಮ್ಮೆ ಫೀಲ್ಡ್ ಸೇಫ್ಟಿ ನೋಟಿಸ್‌ಗಳ, ಅಂದರೆ ಕಂಪನಿಗಳ ಎಚ್ಚರಿಕೆ ಪತ್ರಗಳ, ಪಟ್ಟಿ ಹಾಕುತ್ತದೆ. ಅಮೆರಿಕದವರದ್ದು ಲೆಕ್ಕದ ಪುಸ್ತಕ, ಇವರದ್ದು ಅಂಚೆ ಚೀಲ. ಕಂಪನಿ ಆಸ್ಪತ್ರೆಗೆ ಬರೆದ ಪತ್ರವೇ ಪಿಡಿಎಫ್ ಆಗಿ ಸಿಗುತ್ತದೆ. ಜರ್ಮನಿಯ ಇಂಥದ್ದೇ ಸಂಸ್ಥೆ ಬಿಫಾರ್ಮ್‌ನ ತಾಣದಲ್ಲೂ ಹೀಗೇ, ಅಲ್ಲಿ ಜರ್ಮನ್ ಜೊತೆಗೆ ಎಷ್ಟೋ ಸಲ ಇಂಗ್ಲಿಷ್ ಪ್ರತಿಯೂ ಇರುತ್ತದೆ. ನಮ್ಮ ಮಾಡೆಲ್‌ನ ಪತ್ರ ಸಿಕ್ಕಿತು. ಡೀಲರ್ ನನಗೆ ಹೇಳಬೇಕಾಗಿದ್ದ ಪ್ರತಿಯೊಂದೂ ಆ ಎರಡು ಪುಟದಲ್ಲಿತ್ತು. ಆನ್ ಮಾಡಿದಾಗ ಬೀಪ್ ಕೇಳಬೇಕು, ಕೇಳದಿದ್ದರೆ ಆ ಮಾನಿಟರನ್ನು ರೋಗಿಗೆ ಹಾಕಬೇಡಿ. ಸ್ಪೀಕರ್ ಪುಕ್ಕಟೆ ಬದಲಿಸಿಕೊಡುತ್ತೇವೆ. ಪುಕ್ಕಟೆ! ನನ್ನ ಮೇಜಿನ ಮೇಲೆ ಕೊಟೇಶನ್ ಇನ್ನೂ ಹಾಗೇ ಇತ್ತು.

ಆದರೆ ಹೊಸದಾಗಿ ಹುಡುಕುವವನಿಗೆ ಬ್ರಿಟನ್ನಿನ ಪಟ್ಟಿ ಸಲೀಸಲ್ಲ. ಏನು ಹುಡುಕಬೇಕು ಅಂತ ಮೊದಲೇ ಗೊತ್ತಿರಬೇಕು. ಅಮೆರಿಕದಲ್ಲಿ ಕಂಡುಹಿಡಿದು ಬ್ರಿಟನ್ನಿನಲ್ಲಿ ಓದುವುದು, ನನ್ನ ಅನುಭವದಲ್ಲಿ ಇದೇ ಜೋಡಿ ಚೆನ್ನಾಗಿ ಕೆಲಸ ಮಾಡಿತು.

ಐದನೆಯದು ನಮ್ಮದೇ ದೇಶದ್ದು. 2020ರ ಏಪ್ರಿಲ್ 1ರಿಂದ ನಮ್ಮಲ್ಲಿ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾನೂನಿನಡಿ ಬಂದಿವೆ. 2017ರ ವೈದ್ಯಕೀಯ ಸಾಧನ ನಿಯಮಗಳ ಪ್ರಕಾರ ಅಪಾಯಕಾರಿ ಅಂತ ಗೊತ್ತಾದ ಮಾಲನ್ನು ವಾಪಸ್ ತೆಗೆದುಕೊಳ್ಳುವ ಹೊಣೆ ತಯಾರಕರದ್ದು, ಆಮದಾದ ಮಾಲಾದರೆ ಆಮದುದಾರರದ್ದು. ಇದರ ಜೊತೆ ಮೆಟೀರಿಯೊವಿಜಿಲೆನ್ಸ್, ಅಂದರೆ ವೈದ್ಯಕೀಯ ಸಾಧನಗಳಿಂದಾಗುವ ತೊಂದರೆಗಳ ಮೇಲೆ ಕಣ್ಣಿಡುವ ಕಾರ್ಯಕ್ರಮ ಇದೆ, 2015ರ ಜುಲೈನಲ್ಲಿ ಶುರುವಾದದ್ದು. ಗಾಜಿಯಾಬಾದಿನ ಇಂಡಿಯನ್ ಫಾರ್ಮಾಕೋಪಿಯಾ ಕಮಿಷನ್ ನಡೆಸುತ್ತದೆ. ನಾನು ಇದನ್ನು ಉಳಿದವುಗಳ ಸಾಲಿನಲ್ಲಿ ನಿಲ್ಲಿಸಿದ್ದೇ ತಪ್ಪು. ಇದು ಹುಡುಕುವ ಜಾಗಕ್ಕಿಂತ ತಿಳಿಸುವ ಜಾಗ. ಡಾಕ್ಟರ್, ನರ್ಸ್, ನನ್ನಂಥವರು, ರೋಗಿಯ ಮನೆಯವರು, ಯಾರು ಬೇಕಾದರೂ ವರದಿ ಕೊಡಬಹುದು. ಫಾರಂ ತುಂಬಲು ನನಗೆ ಅರ್ಧ ಗಂಟೆ ಹಿಡಿಯಿತು. ಅದರಲ್ಲಿ ಇಪ್ಪತ್ತು ನಿಮಿಷ ಸೀರಿಯಲ್ ನಂಬರ್ ಹುಡುಕಲು ಹೋಯಿತು. "ಯಾರಿಗೂ ಏನೂ ಆಗಿಲ್ವಲ್ಲ ಸರ್, ಸುಮ್ನೆ ಯಾಕೆ ವರದಿ" ಅಂತ ಸಿಸ್ಟರ್ ಹೆದರಿದರು. ತಮ್ಮ ಮೇಲೆ ತಪ್ಪು ಬರುತ್ತದೆ ಅಂತ ಅವರ ಭಯ. ಹಾನಿ ಆಗದೆ ತಪ್ಪಿದ್ದನ್ನೂ ಬರೆಯಬಹುದು ಅಂತ ಫಾರಂ ತೋರಿಸಿದ ಮೇಲೆ ಸಮಯ, ಅಂಕಿ ಎಲ್ಲ ಅವರೇ ನೆನಪಿಸಿಕೊಂಡು ಹೇಳಿದರು.

ಯಾವುದು ಗೆದ್ದಿತು ಅಂತ ಕೇಳಿದರೆ, ಮೊದಲ ಪ್ರಶ್ನೆಗೆ ಎಫ್‌ಡಿಎ, ಮೂರನೆಯದಕ್ಕೆ ಬ್ರಿಟನ್ನಿನ ಪತ್ರ. ಗುಂಪನ್ನು ಬಿಡುವುದಿಲ್ಲ, ಮೂಗಿಗೆ ವಾಸನೆ ಮೊದಲು ಬಡಿಯುವುದು ಅಲ್ಲೇ. ಎರಡನೇ ಪ್ರಶ್ನೆಗೆ ಮಾತ್ರ ಪಟ್ಟಿಗಳು ಅರ್ಧ ದಾರಿ ಕರೆದುಕೊಂಡು ಹೋಗಿ ನಿಂತವು. ನಂಬರುಗಳ ಸಾಲು ಅವರ ಹತ್ತಿರ ಇದೆ. ನನ್ನ ನಂಬರು ನನ್ನ ಹತ್ತಿರ ಇರಲಿಲ್ಲ. ನಮ್ಮ ಆಸ್ತಿ ರಿಜಿಸ್ಟರಿನಲ್ಲಿ 'ಮಾನಿಟರ್, 22' ಅಂತ ಒಂದೇ ಸಾಲು.

ಹಾಗಾಗಿ ಎರಡು ಭಾನುವಾರ ಟಾರ್ಚ್ ಹಿಡಿದು ವಾರ್ಡ್ ವಾರ್ಡ್ ಸುತ್ತಿದೆ. ಪ್ರತಿ ಮಾನಿಟರಿನ ಬೆನ್ನು ತಿರುಗಿಸಿ ಫೋಟೋ ತೆಗೆದೆ. ತಯಾರಕರು, ಮಾಡೆಲ್, ಸೀರಿಯಲ್, ಸಾಫ್ಟ್‌ವೇರ್ ಆವೃತ್ತಿ, ಈಗ ಯಾವ ಬೆಡ್ಡಿನಲ್ಲಿದೆ, ಎಲ್ಲ ಒಂದು ಎಕ್ಸೆಲ್ ಹಾಳೆಗೆ ಬಂತು. ಪ್ರೋಬ್‌ಗಳ ಲಾಟ್ ನಂಬರನ್ನೂ ಸೇರಿಸಿದೆ. ಈಗ ಪ್ರತಿ ಸೋಮವಾರ ಇಪ್ಪತ್ತು ನಿಮಿಷ ಆ ಮೂರು ಕೋಡ್ ಹಾಕಿ ನೋಡುತ್ತೇನೆ, ಸುರಕ್ಷತಾ ಸೂಚನೆಗಳ ಪುಟವನ್ನೂ ನೋಡುತ್ತೇನೆ.

ಎಂಟರಲ್ಲಿ ಐದು ಮಾನಿಟರುಗಳ ನಂಬರ್ ರೀಕಾಲ್ ಸಾಲಿನಲ್ಲಿತ್ತು. ಆರನೇ ಬೆಡ್ಡಿನದೂ ಅದರಲ್ಲೇ. ಸ್ಪೀಕರುಗಳು ಬಂದವು, ಹಾಕಿಸಿದೆವು. ಎರಡು ಪಟ್ಟಿಯ ಹೊರಗಿದ್ದವು. ಉಳಿದ ಒಂದು ಸೆಕೆಂಡ್ ಹ್ಯಾಂಡಿನದು. ವರ್ಷಗಟ್ಟಲೆ ಸ್ಪಿರಿಟ್ ಹಾಕಿ ಒರೆಸಿ ಅದರ ಬೆನ್ನಿನ ಅಕ್ಷರ ಅಳಿಸಿಹೋಗಿದೆ. ಸರ್ವಿಸ್ ಮೆನುವಿಗೆ ಹೋಗಿ ನೋಡಿದೆ, ಯಾರೋ ಯಾವಾಗಲೋ ಮೇನ್ ಬೋರ್ಡ್ ಬದಲಿಸಿದ್ದಾರೆ, ಸೀರಿಯಲ್ ಜಾಗದಲ್ಲಿ ಬರೀ ಸೊನ್ನೆಗಳು. ಆನ್ ಮಾಡಿದರೆ ಬೀಪ್ ಚೆನ್ನಾಗಿಯೇ ಕೇಳುತ್ತದೆ. ಆದರೂ ಅದನ್ನು ವಾರ್ಡಿಗೆ ಕಳಿಸಲಿಲ್ಲ. ಈಗ ನರ್ಸಿಂಗ್ ಕಾಲೇಜಿನ ಹುಡುಗಿಯರು ಎದೆಗೆ ಅಂಟಿಸುವ ಲೀಡ್ ತಂತಿಗಳನ್ನು ಹಾಕುವುದನ್ನು ಕಲಿಯಲು ಒಬ್ಬರ ಮೇಲೊಬ್ಬರು ಅದನ್ನು ಬಳಸುತ್ತಾರೆ.