ಜಿರ್ಕಾನ್ ಇಲ್ಲವೇ ಬಯೋಟೈಟ್: ಕಲ್ಲಿನ ವಯಸ್ಸಿಗೆ ದುಡ್ಡು ಯಾವುದಕ್ಕೆ ಹಾಕಬೇಕು?

ಜಿರ್ಕಾನ್, ಬಯೋಟೈಟ್ ಎರಡೂ ಗ್ರಾನೈಟ್‌ನೊಳಗಿನ ಖನಿಜಗಳು: ಮೊದಲನೆಯದು ಪುಟ್ಟ ಗಟ್ಟಿ ಹರಳು, ಎರಡನೆಯದು ಕಪ್ಪು ಅಭ್ರಕ. ಮೊದಲೇ ಹೇಳಿಬಿಡುತ್ತೇನೆ, ನನಗೆ ಜಿರ್ಕಾನೇ ಸರಿ. ಪುಣೆಗೆ ಭೂವಿಜ್ಞಾನ ಓದಲು ಬಂದ ನಮ್ಮ ಕಡೆಯ ಹುಡುಗರು "ಅಕ್ಕಾ, ಡೇಟಿಂಗ್‌ಗೆ (ಕಲ್ಲಿನ ವಯಸ್ಸು ಅಳೆಯಲು) ಯಾವುದು ಕಳಿಸಲಿ?" ಎಂದು ಕೇಳುತ್ತಲೇ ಇರುತ್ತಾರೆ. ನಾನು ರಾಮನಗರ ಕಡೆಯ ಕ್ಲೋಸ್‌ಪೇಟೆ ಗ್ರಾನೈಟ್‌ನ ಒಂದೇ ಬಂಡೆಯಿಂದ ಎರಡನ್ನೂ ಮಾಡಿಸಿದ್ದೇನೆ. ಜಿರ್ಕಾನ್‌ಗೆ ಯುರೇನಿಯಂ-ಸೀಸ (ಯುರೇನಿಯಂ ನಿಧಾನವಾಗಿ ಸೀಸವಾಗುವ ಲೆಕ್ಕ), ಬಯೋಟೈಟ್‌ಗೆ ಆರ್ಗಾನ್-ಆರ್ಗಾನ್ (ಪೊಟ್ಯಾಸಿಯಂನಿಂದ ಹುಟ್ಟುವ ಆರ್ಗಾನ್ ಅನಿಲದ ಲೆಕ್ಕ).

ಎರಡೂ ಒಂದೇ ವಯಸ್ಸು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಜಿರ್ಕಾನ್ 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೂ ತನ್ನ ಸೀಸ ಬಿಟ್ಟುಕೊಡುವುದಿಲ್ಲ. ಬಯೋಟೈಟ್ ಆರ್ಗಾನ್ ಹಿಡಿದಿಡುವುದು ಸುಮಾರು 300 ಡಿಗ್ರಿಗೆ ಇಳಿದ ಮೇಲೆ. ನೆಲದ ಹತ್ತಿರ ನುಗ್ಗಿದ ತೆಳು ಡೈಕ್ (ಬಿರುಕಿನಲ್ಲಿ ಗಟ್ಟಿಯಾದ ಕಲ್ಲಿನ ಹಾಳೆ) ಬೇಗ ಆರುತ್ತದೆ, ಅಲ್ಲಿ ಈ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ 20 ಕಿಲೋಮೀಟರ್ ಆಳದಲ್ಲಿ ಸುತ್ತಲಿನ ಕಲ್ಲೇ ಕಾದಿರುತ್ತದೆ. ಮ್ಯಾಗ್ಮಾ (ಕರಗಿದ ಕಲ್ಲು) ಗಟ್ಟಿಯಾದರೂ ಶಾಖಕ್ಕೆ ಹೋಗಲು ಜಾಗವಿಲ್ಲ. ಮೇಲಿನ ಕಲ್ಲು ಸವೆದು ಇಡೀ ಪದರ ಮೇಲೆ ಬರುವವರೆಗೆ ಬಯೋಟೈಟ್‌ನ ಗಡಿಯಾರ ಶುರುವೇ ಆಗುವುದಿಲ್ಲ. ಕನಕಪುರ ಕಡೆಯ ಕಬ್ಬಾಳದುರ್ಗ ಅಂಥ ಆಳದಿಂದ ಮೇಲೆ ಬಂದ ಜಾಗ. ಅಲ್ಲಿ ನೈಸ್ ಎಂಬ ಪಟ್ಟೆಪಟ್ಟೆ ಕಲ್ಲು ಆಳದ ಶಾಖಕ್ಕೆ ಚಾರ್ನೊಕೈಟ್ ಎಂಬ ಬೇರೆ ಕಲ್ಲಾಗಿರುವುದನ್ನು ಭೂವಿಜ್ಞಾನಿ ಪಿಚಮುತ್ತು 1960ರಲ್ಲೇ ಬರೆದಿದ್ದರು.

ನನ್ನ ಜಿರ್ಕಾನ್ ಹೇಳಿದ್ದು ಸುಮಾರು 250 ಕೋಟಿ ವರ್ಷ. ಬಯೋಟೈಟ್ ತುಂಬ ಎಳೆಯದು. ಮ್ಯಾಗ್ಮಾ ಯಾವಾಗ ನುಗ್ಗಿತು ಎಂಬುದೇ ನನ್ನ ಪ್ರಶ್ನೆಯಾಗಿದ್ದರಿಂದ ಉತ್ತರ ಜಿರ್ಕಾನ್‌ನಲ್ಲೇ ಇತ್ತು.

ಆದರೆ ಆ ಉತ್ತರ ಕೈಗೆ ಬರುವಷ್ಟರಲ್ಲಿ ಸಾಕುಸಾಕಾಯಿತು. ಮೊದಲು ದುಡ್ಡು ಕೊಟ್ಟು ಮಾಡಿಸಿದ ಲ್ಯಾಬಿನವರು ಹರಳುಗಳ ಒಳಚಿತ್ರ ತೆಗೆಯದೆಯೇ ವಯಸ್ಸು ಅಳೆಯಲು ಲೇಸರ್ ಹೊಡೆದರು. ಆಳದ ಗ್ರಾನೈಟ್‌ನ ಜಿರ್ಕಾನ್ ಹಲಸಿನ ಬೀಜದ ಹಾಗೆ, ಒಳಗೊಂದು, ಮೇಲೊಂದು ಸಿಪ್ಪೆ. ಒಳಗಿನ ತಿರುಳು ಕರಗಿದ ಹಳೇ ಕಲ್ಲಿನಿಂದ ಉಳಿದು ಬಂದಿರಬಹುದು, 300 ಕೋಟಿ ವರ್ಷ ದಾಟಿರಬಹುದು. ಮ್ಯಾಗ್ಮಾದಲ್ಲಿ ಬೆಳೆದದ್ದು ಹೊರಗಿನ ಅಂಚು. ಲೇಸರ್ ಗುಂಡಿಯ ಅಗಲ ಮೈಕ್ರೋಮೀಟರ್ ಲೆಕ್ಕದಲ್ಲಿ 20-30. ಅದು ತಿರುಳು, ಅಂಚು ಎರಡರ ಮೇಲೂ ಬಿದ್ದರೆ ಬರುವ ಸಂಖ್ಯೆ ಯಾವ ಘಟನೆಯದ್ದೂ ಅಲ್ಲ, ಸುಮ್ನೆ ಎರಡರ ಬೆರಕೆ.

ಇನ್ನೂ ಬೇಜಾರೆಂದರೆ, ಆ ಬೆರಕೆ ಸಂಖ್ಯೆಗಳನ್ನೆಲ್ಲ ಸೇರಿಸಿ ಸರಾಸರಿ ತೆಗೆದು, ದೋಷದ ಅಂಕಿಯನ್ನೂ ಚಿಕ್ಕದಾಗಿ ಬರೆದು ಕಳಿಸಿದ್ದರು. ನೋಡಿದವರು ನಂಬುವ ಹಾಗಿತ್ತು. ನನ್ನನ್ನು ಉಳಿಸಿದ್ದು ಜಿರ್ಕಾನ್‌ನದೇ ಗುಣ. ಅದರಲ್ಲಿ ಎರಡು ಗಡಿಯಾರ ಇವೆ, ಯುರೇನಿಯಂ 238 ಮತ್ತು 235; ಯುರೇನಿಯಂನ ಈ ಎರಡು ಬಗೆಗಳು ಬೇರೆ ಬೇರೆ ವೇಗದಲ್ಲಿ ಸೀಸವಾಗುತ್ತವೆ. ಎರಡೂ ಒಂದೇ ವಯಸ್ಸು ಹೇಳದಿದ್ದರೆ ಏನೋ ಕೆಟ್ಟಿದೆ ಎಂದರ್ಥ. ನನ್ನ ಬಿಂದುಗಳು ಹೊಂದಲಿಲ್ಲ. ಬೇರೆ ಕಡೆ ಕ್ಯಾಥೊಡೊಲ್ಯೂಮಿನೆಸೆನ್ಸ್ ಚಿತ್ರ (ಎಲೆಕ್ಟ್ರಾನ್ ಬಿಟ್ಟಾಗ ಹರಳು ಬೆಳಗುವುದರಿಂದ ಒಳಪದರ ಕಾಣುವ ಚಿತ್ರ) ತೆಗೆಸಿ, ಅಂಚು ನೋಡಿ ಗುರುತು ಹಾಕಿಕೊಟ್ಟೆ. ಆಗ ಬಂದದ್ದು ಆ 250 ಕೋಟಿ. ಚಿತ್ರಕ್ಕೆ ಜಾಸ್ತಿ ದುಡ್ಡಾದರೂ ಕೊಡಿ.

ಬಯೋಟೈಟ್ ಬೇರ್ಪಡಿಸುವುದು ಸಲೀಸು. ಆದರೆ ರಿಯಾಕ್ಟರ್‌ನಲ್ಲಿ ನ್ಯೂಟ್ರಾನ್ ಹೊಡೆಸಬೇಕು, ವಿಕಿರಣ ಇಳಿಯಲು ಕಾಯಬೇಕು. ಹೊರಗಿನ ಆರ್ಗಾನ್ ಒಳಗೆ ಸೇರಿದ್ದರೆ ವಯಸ್ಸು ಸುಳ್ಳೇ ಹಳತಾಗುತ್ತದೆ.

ಹಾಗಂತ ಅದನ್ನು ತಳ್ಳಿಹಾಕುವಂತಿಲ್ಲ. ಈಗ ಧಾರವಾಡ ಭೂಭಾಗದಲ್ಲಿ (ಈ ಗ್ರಾನೈಟ್ ಇರುವ ಕರ್ನಾಟಕದ ಹಳೇ ಶಿಲಾನೆಲ) ಕೆಳಗಿನಿಂದ ಬರುವ ಶಾಖ ಚದರ ಮೀಟರಿಗೆ 40 ಮಿಲಿವ್ಯಾಟ್ ಆಸುಪಾಸು, ಖಂಡಗಳ ಸರಾಸರಿಗಿಂತ ಕಡಿಮೆ. ಹಿಂದೆ ಅಷ್ಟು ಕಾದಿದ್ದ ನೆಲ ಯಾವಾಗ ತಣಿಯಿತು ಎಂದು ಕೇಳಬೇಕಾದರೆ ಬಯೋಟೈಟನ್ನೇ ಕೇಳಬೇಕು.

ಪುಣೆ ಸುತ್ತಲಿನ ಕಪ್ಪು ಕಲ್ಲು (ಡೆಕ್ಕನ್ ಲಾವಾ ಗಟ್ಟಿಯಾದ ಬಸಾಲ್ಟ್) ನಿಮ್ಮ ವಿಷಯವಾದರೆ ನನ್ನ ಮಾತು ನಡೆಯುವುದಿಲ್ಲ. ಬಸಾಲ್ಟ್‌ನಲ್ಲಿ ಜಿರ್ಕಾನ್ ಸಿಗುವುದೇ ಅಪರೂಪ. 6.6 ಕೋಟಿ ವರ್ಷದ ಕಲ್ಲಿಗೆ ಲೇಸರ್‌ನ ಶೇಕಡಾ 1 ದೋಷ ಎಂದರೆ 6 ಲಕ್ಷ ವರ್ಷಕ್ಕೂ ಮೇಲೆ. ಡೆಕ್ಕನ್ ಲಾವಾದ ಬಹುಪಾಲು ಉಕ್ಕಿದ್ದೇ ಸುಮಾರು 10 ಲಕ್ಷ ವರ್ಷದೊಳಗೆ, ಅಲ್ವಾ? ಅಲ್ಲಿ ಬಸಾಲ್ಟ್‌ನೊಳಗಿನ ಪ್ಲಾಜಿಯೊಕ್ಲೇಸ್ ಎಂಬ ಖನಿಜದ ಆರ್ಗಾನ್ ವಾಸಿ.

ಮಹಾರಾಷ್ಟ್ರದ ಕೊಯ್ನಾದಲ್ಲಿ ಅದೇ ಲಾವಾ ಕೊರೆದು ಸುಮಾರು ಒಂದು ಕಿಲೋಮೀಟರ್ ಕೆಳಗಿನ ಗ್ರಾನೈಟ್-ನೈಸ್ ಮುಟ್ಟಿದ್ದಾರೆ. ಆ ಕಲ್ಲಿನ ತುಂಡು ನನ್ನ ಕೈಗೆ ಬಂದರೆ, ಇರುವ ದುಡ್ಡನ್ನು ಮೊದಲು ಜಿರ್ಕಾನ್‌ಗೇ ಹಾಕುತ್ತೇನೆ. ಉಳಿದರೆ ಬಯೋಟೈಟ್.